ಸಾಹೇಬ ಸೊರಗಿದ್ದು

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದೇ ಒಂದು ಹನಿ ನೀರು.

ಅದು ಎರಡು ಸಾವಿರದ ಐದನೇ ಇಸವಿಯ ಒಂದು ಎರಡನೇ ಶನಿವಾರ, ಬೆಳಗ್ಗೆ ಏಳೂವರೆ. ಕಾಕ್ಸ್‌ಟೌನಿನ ತನ್ನ ಮನೆಯ ದೇವರ ಕೋಣೆಯಲ್ಲಿ ರಾಮಾಂಜಿನಪ್ಪ ಆಂಜನೇಯನ ಪಟದ ಮುಂದೆ ಕಣ್ಣು ಮುಚ್ಚಿ ನಿಂತಿದ್ದಾಗ ಆ ಹನಿ ಚಾವಣಿಯಿಂದ ಇಳಿದು ಅವನ ಬೋಳು ನೆತ್ತಿಯ ನಟ್ಟನಡುವೆ ಬಿತ್ತು. ಇಷ್ಟು ವರ್ಷದ ಪೂಜೆಗೆ ಇವತ್ತು ದೇವರು ಒಲಿದ ಎಂದು ಅವನಿಗೆ ಮೈ ಜುಮ್ಮೆಂದಿತು. ಎರಡನೇ ಹನಿಯನ್ನು ಅಂಗೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಇನ್ನೇನು ತೀರ್ಥದಂತೆ ಬಾಯಿಗೆ ಹಾಕಿಕೊಳ್ಳಬೇಕು, ಅಷ್ಟರಲ್ಲಿ ಮೂಗಿಗೆ ವಾಸನೆ ಬಡಿಯಿತು. ಮೀನಿನ ವಾಸನೆ.

ರಾಮಾಂಜಿನಪ್ಪ ಮೀನು ಮುಟ್ಟದವನೇನಲ್ಲ. ಭಾನುವಾರ ಅವನ ಹೆಂಡತಿ ಮಾರಕ್ಕ ಮಾಡುವ ಮೀನು ಸಾರಿಗೆ ಬೀದಿಯ ಬೆಕ್ಕುಗಳೆಲ್ಲ ಗೇಟಿನ ಮುಂದೆ ಸಾಲು ನಿಲ್ಲುತ್ತವೆ. ಆದರೆ ಶನಿವಾರ, ಸ್ನಾನ ಮಾಡಿ ಮಡಿಯಲ್ಲಿದ್ದಾಗ, ಅದೂ ಆಂಜನೇಯನ ಎದುರಿಗೆ! ಅವನು ಒದ್ದೆ ನೆತ್ತಿಯಲ್ಲೇ ಮೆಟ್ಟಿಲು ಹತ್ತಿ ಮಹಡಿಯ ಬಾಡಿಗೆದಾರನ ಬಾಗಿಲು ಬಡಿದ.

ಬಾಗಿಲು ತೆರೆದವನು ಸಂಗನಬಸಪ್ಪ. ಬೈಲಹೊಂಗಲದ ಕಡೆಯವನು, ದಂಡು ಪ್ರದೇಶದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಯಾರು ಗದರಿದರೂ ಮೊದಲು ಕೈ ಮುಗಿದು, ಆಮೇಲೆ ಯಾಕೆ ಗದರಿದರು ಎಂದು ಯೋಚಿಸುವ ಜಾತಿ. ಈಗಲೂ ಕೈ ಮುಗಿದ.

“ಸಾಮಿ, ನಿಮ್ ಮೀನ್ ತೊಟ್ಟಿ ಸೋರ್ತಾ ಐತೆ. ನಮ್ಮ ದೇವ್ರಿಗೆ ಮೀನ್ ನೀರಲ್ಲಿ ಅಭಿಷೇಕ ಆಗೋಯ್ತು! ಸಂಜೆ ದೀಪ ಹಚ್ಚೋ ವತ್ತಿಗೆ ಆ ಮೀನು ಹೋಗಿರ್ಬೇಕು. ಇಲ್ಲಾಂದ್ರೆ ನೀವು ಹೋಗಿರ್ಬೇಕು. ಅಷ್ಟೇ ನಾನ್ ಹೇಳೋದು.”

ಹಿಂದೆಯೇ ಹತ್ತಿ ಬಂದಿದ್ದ ಮಾರಕ್ಕ ಗಂಡನ ಹೆಗಲ ಮೇಲಿಂದ ಇಣುಕಿ ತೊಟ್ಟಿಯನ್ನು ನೋಡಿದಳು. ಅವಳಿಗೆ ಮೀನಿನ ಬಗ್ಗೆ ಬೇರೆಯೇ ತಿಳುವಳಿಕೆ ಇತ್ತು.

“ಅಲ್ಲ ಕಣಕ್ಕಾ,” ಎಂದಳು ಒಳಗಿದ್ದ ಕಾಶಮ್ಮನಿಗೆ. “ಮನೇಲಿ ಮೀನ್ ಸಾಕಿದ್ರೆ, ಮನೆಯೋರಿಗೆ ಬರೋ ಆಪತ್ತನ್ನ ಅದೇ ತಗೊಂಡು ಸತ್ತೋಗುತ್ತಂತೆ. ನಿಮ್ದು ಇಷ್ಟ್ ವರ್ಷ ಕಲ್ಲುಗುಂಡಿನಂಗೆ ಬದುಕೈತೆ ಅಂದ್ರೆ ನಿಮ್ಮನೆಗೆ ಒಂದು ಕೆಟ್ಟದ್ದೂ ಬಂದಿಲ್ಲ ಅಂತ. ಪುಣ್ಯವಂತ್ರು ಬಿಡಿ!”

ರೊಟ್ಟಿ ಬಡಿಯುತ್ತಿದ್ದ ಕಾಶಮ್ಮನ ಕೈ ಒಂದು ಗಳಿಗೆ ನಿಂತು ಮತ್ತೆ ಸಾಗಿತು.

ಮಾರಕ್ಕನನ್ನು ಬಯ್ದು ಪ್ರಯೋಜನವಿಲ್ಲ. ಅವಳಿಗೆ ಗೊತ್ತಿರಲಿಲ್ಲ. ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಕ್ಕಳಿಲ್ಲದ ಗಂಡ ಹೆಂಡತಿ, ಪಾಪ, ಮೀನು ಸಾಕಿಕೊಂಡಿದ್ದಾರೆ ಎಂದೇ ಎಲ್ಲರೂ ತಿಳಿದಿದ್ದರು. ಇವರೂ ಹಾಗೆಯೇ ತಿಳಿಯಲಿ ಎಂದು ಬಿಟ್ಟಿದ್ದರು. ಇದ್ದೊಬ್ಬ ಮಗ ಸಿದ್ಧಲಿಂಗೇಶ ಎರಡು ಸಾವಿರದ ಇಸವಿಯ ಮಳೆಗಾಲದಲ್ಲಿ, ಹದಿನಾರನೇ ವಯಸ್ಸಿಗೆ, ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟಿದ್ದ. ಲಿಂಗರಾಜಪುರದ ಹಳೆಯ ಮನೆಯಲ್ಲಿ ಇರಲಾರದೆ ಮರುವರ್ಷ ಇವರು ಇಲ್ಲಿಗೆ ಬಂದರು. ಬರುವಾಗ ಮಗನ ಬಟ್ಟೆ, ಪುಸ್ತಕ, ಸೈಕಲ್ಲು ಎಲ್ಲವನ್ನೂ ಯಾರಿಗೋ ಕೊಟ್ಟು, ಮೀನನ್ನು ಮಾತ್ರ ತಂದರು.

ಅದು ಆಸ್ಕರ್ ಮೀನು. ಕಪ್ಪು ಮೈ, ಅಲ್ಲಲ್ಲಿ ಕೆಂಡದಂಥ ಕಿತ್ತಳೆ ಬಣ್ಣ, ಒಂದು ಗೇಣಿಗಿಂತ ಉದ್ದ. ಸಿದ್ದು ಅದನ್ನು ಶಿವಾಜಿನಗರದಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದಾಗ ಬೆರಳಿನಷ್ಟಿತ್ತು. ಗಾಜಿಗೆ ಮೂತಿ ಹಚ್ಚಿ, ಬಾಯಿ ತೆರೆದು ಮುಚ್ಚಿ, ಎದುರಿಗಿದ್ದವರನ್ನು ಗುರಾಯಿಸುವ ಚಾಳಿ ಅದಕ್ಕೆ. “ಅಪ್ಪಾ, ಥೇಟ್ ನಿಮ್ಮ ಸಾಹೇಬ್ರು ಇದ್ದಂಗ ಐತಿ ನೋಡ್ರಿ,” ಎಂದು ನಕ್ಕು ಅದಕ್ಕೆ ‘ಸಾಹೇಬ’ ಎಂದು ಹೆಸರಿಟ್ಟವನು ಅವನೇ. ಸಂಗನಬಸಪ್ಪ ಹಗಲೆಲ್ಲ ಕಚೇರಿಯಲ್ಲಿ ಒಬ್ಬ ಸಾಹೇಬನಿಗೆ ಕೈ ಮುಗಿದು, ಸಂಜೆ ಮನೆಗೆ ಬಂದು ಇನ್ನೊಬ್ಬನ ಮುಂದೆ ಕೂರುತ್ತಿದ್ದ. ಮನೆಯ ಸಾಹೇಬ ಮೆಮೋ ಕೊಡುತ್ತಿರಲಿಲ್ಲ ಎಂಬುದೊಂದೇ ವ್ಯತ್ಯಾಸ.

ಆದರೆ ಈ ಸಾಹೇಬನ ಖರ್ಚು ಆ ಸಾಹೇಬನ ಖರ್ಚಿಗಿಂತ ಕಮ್ಮಿಯೇನೂ ಇರಲಿಲ್ಲ. ಹಗಲು ರಾತ್ರಿ ಓಡುವ ಫಿಲ್ಟರು, ಚಳಿಗಾಲಕ್ಕೆ ಹೀಟರು, ಕರೆಂಟು ಹೋದರೆ ಇರಲಿ ಎಂದು ಬ್ಯಾಟರಿ ಪಂಪು, ತಿಂಗಳಿಗೊಮ್ಮೆ ಔಷಧಿ. ಸಂಗನಬಸಪ್ಪನ ಸ್ಕೂಟರಿಗೆ ಎರಡು ವರ್ಷದಿಂದ ಹೊಸ ಟಯರಿಲ್ಲ. ಕಾಶಮ್ಮ ಹೋದ ಯುಗಾದಿಗೆ ಸೀರೆ ಬೇಡವೆಂದಿದ್ದಳು. ಇದರ ಮೇಲೆ ಊಟದ ಗೋಳು ಬೇರೆ. ಸಾಹೇಬನಿಗೆ ಸೀಗಡಿ ಬೇಕು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಸಂಗನಬಸಪ್ಪ ಮಾರ್ಕೆಟ್ಟಿನ ಮೀನಂಗಡಿಯ ಸಾಲಿನಲ್ಲಿ ಗುರುತಿನವರು ಕಾಣಬಾರದೆಂದು ತಲೆಯ ಹೆಲ್ಮೆಟ್ಟು ತೆಗೆಯದೆ ನಿಂತು ಒಣ ಸೀಗಡಿ ತರುತ್ತಿದ್ದ. ಆದರೂ ಹೆಲ್ಮೆಟ್ಟಿನ ಮೇಲೆ ಅಂಟಿಸಿದ್ದ ಬಸವಣ್ಣನ ಸ್ಟಿಕ್ಕರಿನಿಂದ ಗುರುತು ಹತ್ತಿ, ಅವನು ಗುಟ್ಟಾಗಿ ಮೀನು ತಿನ್ನುತ್ತಾನೆಂದು ಕಚೇರಿಯಲ್ಲಿ ಗುಸುಗುಸು ಎದ್ದು ಮೂರು ವರ್ಷವಾಗಿತ್ತು.

ಮಗನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೆ ಇನ್ನೊಬ್ಬರು ಕುಸಿಯುತ್ತಾರೆಂದು ಇಬ್ಬರಿಗೂ ಭಯ. ಅದರ ಬದಲು ಸಾಹೇಬನ ಮಾತು. “ಸಾಹೇಬ ಉಂಡನೇನು?” “ಸಾಹೇಬಗ ಇವತ್ತ ಸಿಟ್ಟ ಬಂದೈತಿ.” ಹೀಗೆ ಐದು ವರ್ಷ ಕಳೆದಿದ್ದವು.

“ಏನ್ ಮಾಡೂಣು?” ಎಂದ ಸಂಗನಬಸಪ್ಪ, ರಾಮಾಂಜಿನಪ್ಪ, ಮಾರಕ್ಕ ಇಬ್ಬರೂ ಕೆಳಗಿಳಿದು ಹೋದ ಮೇಲೆ. ಎಲ್ಲ ಲೆಕ್ಕವೂ ಕೊಟ್ಟುಬಿಡು ಎಂದೇ ಹೇಳುತ್ತಿತ್ತು. ಆದರೆ ಹೋದ ವರ್ಷ ಅವನು ಚುನಾವಣೆ ಡ್ಯೂಟಿಗೆಂದು ಮೂರು ದಿನ ಹೋಗಿ ಬಂದಾಗ ಸಾಹೇಬ ಕಣ್ಣಿಗೆ ಕಾಣುವಷ್ಟು ಸಣ್ಣಗಾಗಿದ್ದ, ಮೂಲೆ ಬಿಟ್ಟು ಬಂದಿರಲಿಲ್ಲ. “ನೀವಿಲ್ಲಂತ ಚಿಂತ್ಯಾಗ ಸೊರಗ್ಯಾನ್ರೀ,” ಎಂದಿದ್ದಳು ಕಾಶಮ್ಮ. ಮೂರು ದಿನಕ್ಕೇ ಸೊರಗಿದವನು ಕೊಟ್ಟುಬಿಟ್ಟರೆ ಬದುಕಿಯಾನೆ?

ಕಾಶಮ್ಮ ಅವನ ಮುಖ ನೋಡಲಿಲ್ಲ. “ಕೊಟ್ಟು ಬರ್ರಿ. ಎಷ್ಟ್ ದಿನ ಅಂತ ಹಿಂಗ ಒದ್ದಾಡ್ತೀರಿ,” ಎಂದಳು. ನೀಲಿ ಬಕೆಟ್ಟಿಗೆ ತೊಟ್ಟಿಯ ನೀರು ತುಂಬಿ, ಸಾಹೇಬನನ್ನು ಇಳಿಸಿ, ಊರಿಗೆ ಹೋಗುವಾಗ ರೊಟ್ಟಿ ಕಟ್ಟುವ ಬಿಳಿ ಬಟ್ಟೆಯನ್ನು ಅದರ ಬಾಯಿಗೆ ಬಿಗಿದಳು. ಕಟ್ಟಿದ ಮೇಲೂ ಅವಳ ಕೈ ಸ್ವಲ್ಪ ಹೊತ್ತು ಬಟ್ಟೆಯ ಮೇಲೆಯೇ ಇತ್ತು.

ಮೊದಲ ಗುರಿ ಇಂದಿರಾನಗರ. ಅಲ್ಲಿ ಸಂಗನಬಸಪ್ಪನ ಸಹೋದ್ಯೋಗಿ ಹಂಪಣ್ಣ ಹೊಸ ಮನೆ ಕಟ್ಟಿಸಿದ್ದ. “ಹಾಲ್‌ನಾಗ ಒಂದು ಮೀನಿನ ತೊಟ್ಟಿ ಇಡಬೇಕು ನೋಡಪಾ, ನಿನ್ನ ಮೀನು ಕೊಡ್ತೀಯೇನು?” ಎಂದು ಅವನು ನಾಲ್ಕು ತಿಂಗಳಿಂದ ಬೆನ್ನು ಹತ್ತಿದ್ದ. ಬಕೆಟ್ಟು ಸ್ಕೂಟರಿನಲ್ಲಿ ನಿಲ್ಲದು. ಸಂಗನಬಸಪ್ಪ ಬಸ್ಸು ಹತ್ತಿದ. ಹೆಗಲ ಚೀಲದಲ್ಲಿದ್ದ ಬ್ಯಾಟರಿ ಪಂಪು ಗುಂಯ್ ಎನ್ನುತ್ತಿತ್ತು.

“ಬಕೆಟ್‌ನಲ್ಲಿ ಏನ್ರೀ?” ಎಂದ ಕಂಡಕ್ಟರು.

“ಮೀನು.”

“ಜೀವ ಇದ್ಯಾ?”

“ಐತಿ.”

“ಹಂಗಾರೆ ಲಗೇಜ್ ಟಿಕೆಟ್ ತಗೊಳ್ಳಿ. ಜೀವ ಇರೋ ಕೋಳಿಗೆ ತಗೊಳ್ತಾರೆ, ನಿಮ್ದೇನ್ ಸ್ಪೆಷಲ್ಲಾ?”

ಬಸ್ಸಿಗೆ ಬಸ್ಸೇ ಚರ್ಚೆಗಿಳಿಯಿತು. ಕೋಳಿ ಸೀಟಿನ ಮೇಲೆ ಹಾರಿ ಕೂರುತ್ತದೆ, ಮೀನು ಕೂರುವುದಿಲ್ಲ, ಆದ್ದರಿಂದ ಟಿಕೆಟ್ ಬೇಡ ಎಂದರು ಮುಂದಿನ ಸೀಟಿನ ಹೆಂಗಸರು. ನೀರಿನ ತೂಕಕ್ಕೆ ಬೇರೆ, ಮೀನಿನ ತೂಕಕ್ಕೆ ಬೇರೆ ಟಿಕೆಟ್ ಹರಿಯಬೇಕು ಎಂದ ಒಬ್ಬ ಕಾನೂನು ಪಂಡಿತ. “ಸಾರಿಗಾ ಸಾರ್, ಫ್ರೈಗಾ?” ಎಂದು ಕೇಳಿದ ಪಕ್ಕದವನು, ಬಾಯಲ್ಲಿ ನೀರೂರಿಸಿಕೊಂಡು.

“ತಿನ್ನೂ ಮೀನಲ್ರೀ ಇದು,” ಎಂದ ಸಂಗನಬಸಪ್ಪ. “ಮನ್ಯಾಗಿನ ಮೀನು. ಮನಿಮಂದಿ ಇದ್ದಂಗ.”

“ಮನೆಯೋರು ಅಂದ್ರೆ ಫುಲ್ ಟಿಕೆಟ್ಟೇ ಆಯ್ತು ಬಿಡಿ!” ಎಂದು ಕಂಡಕ್ಟರು ಎರಡು ಟಿಕೆಟ್ ಹರಿದು ಕೊಟ್ಟ. ಬಸ್ಸು ಗೊಳ್ಳೆಂದಿತು. ಸಂಗನಬಸಪ್ಪ ಜಗಳವಾಡಲಿಲ್ಲ. ಎಷ್ಟೋ ವರ್ಷದ ಮೇಲೆ ಎರಡು ಟಿಕೆಟ್ ಹಿಡಿದಿದ್ದ ಅವನಿಗೆ ಅವನ್ನು ಎಸೆಯುವ ಮನಸ್ಸಾಗದೆ, ಮಡಚಿ ಜೇಬಿನಲ್ಲಿಟ್ಟುಕೊಂಡ.

ಹಂಪಣ್ಣ ಗೇಟಿನಲ್ಲೇ ಸಿಕ್ಕಿದ. ಬಕೆಟ್ಟು ಕಂಡದ್ದೇ, ಸಾಲ ಕೇಳಲು ಬಂದವರನ್ನು ಕಂಡಂತೆ ಎರಡು ಹೆಜ್ಜೆ ಹಿಂದೆ ಸರಿದ.

“ಅಯ್ಯೋ, ತಂದೇಬಿಟ್ಟಿಯಾ? ಹೇಳೂದು ಮರ್ತೆ ನೋಡು. ಮೊನ್ನೆ ವಾಸ್ತುದವರನ್ನ ಕರೆಸಿದ್ದೆ. ಮೀನು ಇಡೂದೇನೋ ಛಲೋನಂತ. ಆದ್ರ ಪುಕ್ಕಟೆ ತಗೋಬಾರದಂತ.”

“ಹಂಗಾರ ಒಂದ್ ರೂಪಾಯಿ ಕೊಡು.”

“ಒಂದ್ ರೂಪಾಯಿ ಅಂದ್ರ ಪುಕ್ಕಟೆನ ಆತಲ್ಲೋ. ಇನ್ನೊಂದು ಮನ್ಯಾಗಿನ ಮೀನಾದ್ರ ಆ ಮನೀ ದುಃಖನೂ ಅದರ ಕೂಡ ಬರ್ತದಂತ. ಏನ್ ಅನ್ಕೋಬ್ಯಾಡಪಾ. ಬಾ, ಚಹಾ ಕುಡಿ. ಅದನ್ನ ಮಾತ್ರ ಹೊರಗ ಇಡು.”

ಬಟ್ಟೆ ಬಿಚ್ಚಿ ಒಳಗೆ ಏನಿದೆ ಎಂದು ಸಹ ಅವನು ನೋಡಲಿಲ್ಲ. ಸಂಗನಬಸಪ್ಪನಿಗೆ ಚಹಾ ಬೇಕೆನಿಸಲಿಲ್ಲ. ಒಂದು ಮನೆಯ ದುಃಖ ಒಂದು ಬಕೆಟ್ಟಿನಲ್ಲಿ ಹಿಡಿಯುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡು ಹಲಸೂರಿನ ಕಡೆ ನಡೆದ.

ಹಲಸೂರು ಕೆರೆಯಲ್ಲಿ ಬಿಟ್ಟುಬಿಡೋಣ, ಅಷ್ಟು ದೊಡ್ಡ ನೀರು, ಹಾಯಾಗಿರಲಿ ಎಂಬುದು ಅವನ ಮುಂದಿನ ಉಪಾಯ. ಕಲ್ಲುಕಟ್ಟೆಯ ಮೇಲೆ ಕೂತು ಬಟ್ಟೆಯ ಗಂಟು ಬಿಚ್ಚಿದ್ದಷ್ಟೆ, ಬಿಳಿ ಕ್ಯಾನ್ವಾಸ್ ಬೂಟಿನ ಹಿರಿಯರೊಬ್ಬರು ವಾಕಿಂಗ್ ನಿಲ್ಲಿಸಿ ಕೋಲೆತ್ತಿದರು.

“ರೀ ಮಿಸ್ಟರ್! ಕೆರೆಗೆ ಏನ್ ಸುರೀತಿದೀರಿ?”

“ಸುರೀತಿಲ್ಲ ಸಾರ್, ಕದೀತಿದಾನೆ,” ಎಂದರು ಅವರ ಜೊತೆಗಿದ್ದ ಇನ್ನೊಬ್ಬ ಹಿರಿಯರು. “ಬಕೆಟ್‌ನಲ್ಲಿ ಮೀನು ನೋಡಿ. ಗಾಳ ಎಲ್ಲಿ ಬಚ್ಚಿಟ್ಟಿದೀಯಪ್ಪಾ?”

“ಕದಿಯೋನು ಗಂಟು ಕಟ್ತಾನೆ, ಬಿಚ್ತಾನೇನ್ರೀ? ಇದು ಸುರಿಯೋ ಕೇಸೇ!”

ಸುರಿಯುವುದೋ ಕದಿಯುವುದೋ ಎಂದು ಇಬ್ಬರೂ ಕೈ ಕೈ ಮಿಲಾಯಿಸುವಷ್ಟು ವಾದ ಮಾಡಿದರು. ಕಾವಲುಗಾರ ಸೀಟಿ ಊದಿಕೊಂಡು ಓಡಿಬಂದ. ಈ ಗದ್ದಲದ ನಡುವೆ ಸಾಹೇಬ ಮೇಲೆ ಬಂದು, ಬಾಯಿ ತೆರೆದು ಮುಚ್ಚಿ, ಸಂಗನಬಸಪ್ಪನನ್ನೇ ನೋಡಿದ. ಈ ಕೊಳಕು ಹಸಿರು ನೀರಿನಲ್ಲಿ ಇವನಿಗೆ ಹೊತ್ತು ಹೊತ್ತಿಗೆ ಊಟ ಯಾರು ಹಾಕಬೇಕು? ಅವನ ಕೈ ತಾನಾಗಿಯೇ ಗಂಟು ಬಿಗಿಯಿತು. ಕಾವಲುಗಾರನಿಗೂ ಒಮ್ಮೆ ಕೈ ಮುಗಿದು ಅಲ್ಲಿಂದ ಎದ್ದ.

ಇನ್ನು ಉಳಿದದ್ದು ಒಂದೇ ಜಾಗ. ಶಿವಾಜಿನಗರದಲ್ಲಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿರುವ ಉಮ್ಮೆ ಕುಲ್ಸುಂ ಎಂಬಾಕೆಯ ಬಣ್ಣದ ಮೀನಿನ ಅಂಗಡಿ. ಬೆಳಗ್ಗೆಯೇ ನೆಟ್ಟಗೆ ಅಲ್ಲಿಗೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗದಿದ್ದುದಕ್ಕೆ ಕಾರಣವಿತ್ತು. ನಾಲ್ಕು ವರ್ಷದಿಂದ ಅವನು ಎದೆಯಲ್ಲಿಟ್ಟುಕೊಂಡಿದ್ದ ಒಂದು ಗುಟ್ಟು ಆ ಅಂಗಡಿಯಾಕೆಗೆ ಮಾತ್ರ ಗೊತ್ತಿತ್ತು.

ಬಕೆಟ್ಟಿನಲ್ಲಿದ್ದ ಸಾಹೇಬ ಸಿದ್ದು ತಂದ ಸಾಹೇಬನಲ್ಲ.

ಈ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ ಕಾಶಮ್ಮ ತವರಿಗೆ ಹೋಗಿದ್ದಳು. ಒಂದು ದಿನ ಬೆಳಗ್ಗೆ ಹೋದ ಕರೆಂಟು ಸಂಜೆಯಾದರೂ ಬರಲಿಲ್ಲ. ಕಚೇರಿಯಿಂದ ಬಂದು ನೋಡಿದರೆ ಮಗನ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಸಂಗನಬಸಪ್ಪ ಅದನ್ನು ಮಗನ ಹಳೆಯ ಕರವಸ್ತ್ರದಲ್ಲಿ ಸುತ್ತಿ, ಹಿತ್ತಲಿನ ನಿಂಬೆಗಿಡದ ಬುಡದಲ್ಲಿ ಹೂಳಿ, ಒಬ್ಬನೇ ಕೂತು ಅತ್ತ. ಮಗ ಹೋದಾಗ ಜನರೆದುರು ಅಳಲಾರದೆ ಉಳಿದಿದ್ದ ಅಳುವೂ ಅವತ್ತೇ ಹೊರಗೆ ಬಂತು. ಆಮೇಲೆ ಹೆದರಿಕೆಯಾಯಿತು. ಮಗ ಮುಟ್ಟಿದ ಜೀವ ಎಂದು ಅವಳಿಗೆ ಉಳಿದಿದ್ದುದು ಇದೊಂದೇ. ಇದೂ ಸತ್ತಿತು ಎಂದು ಅವಳಿಗೆ ಹೇಗೆ ಹೇಳುವುದು? ಮರುದಿನ ಉಮ್ಮೆ ಕುಲ್ಸುಂ ಅಂಗಡಿಯಿಂದ ಅದೇ ಅಳತೆಯ ಇನ್ನೊಂದನ್ನು ತಂದು ತೊಟ್ಟಿಗೆ ಬಿಟ್ಟ. ಊರಿಂದ ಬಂದ ಕಾಶಮ್ಮ ಗಾಜಿನ ಮುಂದೆ ಬಹಳ ಹೊತ್ತು ನಿಂತು, “ಸಾಹೇಬ ಸೊರಗ್ಯಾನಲ್ರೀ,” ಎಂದಳು. “ನೀ ಇಲ್ಲಂತ ಚಿಂತಿ ಮಾಡ್ಯಾನ,” ಎಂದ ಸಂಗನಬಸಪ್ಪ, ಗೋಡೆಯ ಕ್ಯಾಲೆಂಡರ್ ನೋಡುತ್ತ. ಅಂದಿನಿಂದ ಈ ಯಾರದೋ ಮೀನಿಗೆ ಅವನು ಜೀವ ತೇಯುತ್ತಿದ್ದುದು ಹೆಂಡತಿಗಾಗಿ.

ಅಂಗಡಿಗೆ ಬಂದಾಗ ಮೂರು ಗಂಟೆ. ಉಮ್ಮೆ ಕುಲ್ಸುಂ ಕನ್ನಡಕವನ್ನು ಹಣೆಗೇರಿಸಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಸಿದ್ದು ಪ್ರತಿ ಭಾನುವಾರ ಆ ಅಂಗಡಿಗೆ ಬಂದು, ಏನೂ ಕೊಳ್ಳದೆ ಒಂದು ಗಂಟೆ ನೋಡಿಕೊಂಡು ಹೋಗುತ್ತಿದ್ದವನು. ಅವನು ಹೋದ ಸುದ್ದಿ ಕೇಳಿ ಆಕೆ ಅವತ್ತು ಅಂಗಡಿಯ ಬಾಗಿಲು ಹಾಕಿದ್ದಳು.

“ಆಪಾ, ಇದನ್ನ ವಾಪಸ್ ತಗೊಳ್ರಿ. ರೊಕ್ಕ ಬ್ಯಾಡ. ನೀವ ಕೊಟ್ಟದ್ದು,” ಎಂದ ಸಂಗನಬಸಪ್ಪ. “ನಮ್ಮಾಕಿ ಎಂದರ ಈ ಕಡೆ ಬಂದ್ರ, ಇದು ಮಗನ ಮೀನಲ್ಲ ಅಂತ ದಯವಿಟ್ಟು ಹೇಳಬ್ಯಾಡ್ರಿ.”

ಉಮ್ಮೆ ಕುಲ್ಸುಂ ಬಟ್ಟೆ ಸರಿಸಿ, ಕನ್ನಡಕ ಇಳಿಸಿ, ಬಗ್ಗಿ ನೋಡಿದಳು. ಬಹಳ ಹೊತ್ತು ತಲೆ ಎತ್ತಲಿಲ್ಲ.

“ಬಸಪ್ಪಾ ಸಾಬ್, ನಾನು ನಿಮಗೆ ಕೊಟ್ಟಿದ್ದು ಇದಲ್ಲ.”

“ಅಂದ್ರ?”

“ನಿಮಗೆ ಕೊಟ್ಟ ಮೀನಿಗೆ ಬಾಲದ ಹತ್ರ ಒಂದೇ ಬೊಟ್ಟು ಇತ್ತು. ಇದಕ್ಕೆ ಎರಡು ಇದೆ. ಇದು ನಿಮ್ಮ ಮನೆಯವರಿಗೆ ಕೊಟ್ಟಿದ್ದು. ಹೋದ ವರ್ಷ, ಎಲೆಕ್ಷನ್ ಟೈಮಲ್ಲಿ.”

ಎರಡನೇ ಬೊಟ್ಟನ್ನು ಸಂಗನಬಸಪ್ಪ ನೋಡಿರಲಿಲ್ಲವೆಂದಲ್ಲ. ಡ್ಯೂಟಿಯಿಂದ ಬಂದ ದಿನವೇ ಕಂಡಿತ್ತು. ಚಿಂತೆಯಿಂದ ಕಲೆ ಬಿದ್ದಿರಬೇಕು ಎಂದುಕೊಂಡ. ಮೀನಿನ ಗುರುತಿನ ಮಾತೆತ್ತಿದರೆ ತನ್ನ ಕಳ್ಳತನ ಹೊರಬೀಳುತ್ತದೆಂದು ಬಾಯಿ ಮುಚ್ಚಿಕೊಂಡಿದ್ದ. ಈಗ ಅಲ್ಲಿದ್ದ ಖಾಲಿ ಡಬ್ಬದ ಮೇಲೆ ಕೂತುಬಿಟ್ಟ.

“ಅಳ್ತಾ ಬಂದ್ರು ಸಾಬ್. ಮೀನು ಸತ್ತೋಯ್ತು, ಇದೇ ಥರದ್ದು ಕೊಡಿ ಅಂದ್ರು. ನಿಮ್ಮ ಮಗನ ಮೀನಾ ಅಂತ ನಾನು ತಿಳೀದವಳ ಥರ ಕೇಳಿದೆ. ಅಲ್ಲ, ಅದು ಯಾವತ್ತೋ ಹೋಗಿದೆ, ಊರಿಂದ ಬಂದ ದಿನಾನೇ ನಂಗೆ ಗೊತ್ತಾಯ್ತು ಅಂದ್ರು. ಮಗ ಸಾಕಿದ ಮೀನು ತಾಯಿಗೆ ಗುರುತು ಸಿಗಲ್ವಾ ಸಾಬ್?”

“ಗೊತ್ತಿತ್ತು? ಮತ್ತ್ಯಾಕ...”

“ನೀವು ಅಷ್ಟು ಕಷ್ಟಪಟ್ಟು ಸುಳ್ಳು ಹೇಳಿದೀರಿ ಅಂತ. ಇದೂ ಸತ್ತೋಯ್ತು ಅಂತ ಗೊತ್ತಾದ್ರೆ ನೀವು ತಡ್ಕೊಳ್ಳಲ್ಲ, ಅದನ್ನ ನೋಡ್ಕೊಂಡೇ ನೀವು ಬದುಕಿದೀರಿ ಅಂದ್ರು. ಯಾರಿಗೂ ಹೇಳಲ್ಲ ಅಂತ ನನ್ನ ಕೈಲಿ ಕಸಮ್ ಹಾಕಿಸ್ಕೊಂಡ್ರು. ನೀವೂ ಹಾಕಿಸ್ಕೊಂಡಿದ್ರಿ. ಎಷ್ಟು ದಿನ ಅಂತ ನಾನೊಬ್ಬಳೇ ಇಬ್ಬರದ್ದೂ ಇಟ್ಕೊಳ್ಳಲಿ?”

ಆಕೆ ತರಿಸಿದ ಚಹಾ ಕೈಯಲ್ಲೇ ಆರಿತು. ಸಂಗನಬಸಪ್ಪನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಅವನು ಅವಳಿಗಾಗಿ, ಅವಳು ಅವನಿಗಾಗಿ, ಯಾವ ಸಂಬಂಧವೂ ಇಲ್ಲದ ಮೀನುಗಳಿಗೆ ನಾಲ್ಕು ವರ್ಷ ಸೀಗಡಿ ತಿನ್ನಿಸಿದ್ದರು. ಇನ್ನು ಯಾರನ್ನು ನಂಬಿಸಬೇಕು? ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಡಬೇಕು, ಇಬ್ಬರೂ ಕೂತು ಮಗನ ಹೆಸರು ಹಿಡಿದು ಒಂದು ಸಲ ಅತ್ತುಬಿಡಬೇಕು ಎಂದು ನಿಶ್ಚಯಿಸಿದ. ಸಾಹೇಬನನ್ನು ಅಂಗಡಿಯ ದೊಡ್ಡ ತೊಟ್ಟಿಗೆ ಬಿಟ್ಟು, ಖಾಲಿ ಬಕೆಟ್ ಹಿಡಿದು ಹೊರಟ. ಐದು ವರ್ಷದಲ್ಲಿ ಮೊದಲ ಸಲ ಅವನಿಗೆ ಮನೆಗೆ ಬೇಗ ಹೋಗಬೇಕೆನಿಸಿತ್ತು.

ಆದರೆ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಹಾಲ್ ತುಂಬ ಬೀದಿಯವರು. ನಡುವೆ ರಾಮಾಂಜಿನಪ್ಪ ಪಂಚೆ ಮೇಲೆ ಕಟ್ಟಿ, ಮೀನಿನ ತೊಟ್ಟಿಯನ್ನು ದೇವರ ಮನೆಯ ಮೇಲಿನ ಜಾಗದಿಂದ ಎದುರು ಗೋಡೆಗೆ ಸರಿಸಿ, ಬಿರುಕಿಗೆ ಸಿಮೆಂಟಿನಂಥ ಅಂಟು ಮೆತ್ತುತ್ತಿದ್ದ. ಮಾರಕ್ಕ ಮೂಲೆಯಲ್ಲಿ ಕೂತು ಮೂಗನ್ನು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು.

ಆದದ್ದು ಇಷ್ಟು. ಮಧ್ಯಾಹ್ನ ಮಾರಕ್ಕ ಮೀನು ಹೋಯಿತೋ ಇಲ್ಲವೋ ನೋಡಲು ಬಂದವಳು, ಆಪತ್ತೇ ಕಾಣದ ಪುಣ್ಯವಂತರ ಮಾತನ್ನು ಮತ್ತೆ ಎತ್ತಿದಳು. ಎಂದೂ ದನಿ ಎತ್ತದ ಕಾಶಮ್ಮ ಒಮ್ಮೆಲೇ, “ನನ್ನ ಮಗಾ ಸತ್ತಾನ್ರೀ! ಹದಿನಾರ ವರ್ಷದ ಮಗಾ! ಅಂವಾ ಸಾಕಿದ ಮೀನದು, ಅದನ್ನೂ ಕಳಿಸೀರಿ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಕುಸಿದಿದ್ದಳು.

“ಒಂದ್ ಮಾತ್ ಹೇಳ್ಬಾರ್ದಾ ಸಾಮಿ?” ಎಂದ ರಾಮಾಂಜಿನಪ್ಪ. ಅವನ ಕಣ್ಣು ಕೆಂಪಾಗಿತ್ತು. “ಮಗನ್ ಮೀನ ಹೊರಗಾಕ್ದೆ ಅನ್ನೋ ಪಾಪ ನಂಗ್ಯಾಕೆ? ಈಗಿಂದೀಗ್ಲೇ ವಾಪಸ್ ತಗೊಂಬನ್ನಿ. ಆ ಮೀನು ಈ ಮನೆಗೆ ಬರೋವರ್ಗೂ ನಾನು ದೇವ್ರಿಗೆ ದೀಪ ಹಚ್ಚಲ್ಲ.”

“ಹೌದು, ತಗೊಂಬನ್ನಿ,” ಎಂದಿತು ಇಡೀ ಹಾಲ್.

ಇಷ್ಟು ಜನರ ಮುಂದೆ ಅದು ಮಗನ ಮೀನಲ್ಲವೆಂದು ಹೇಳುವುದು ಹೇಗೆ? ಹೇಳಿದರೆ ಕಾಶಮ್ಮ ಸುಳ್ಳಿಯಾಗುತ್ತಾಳೆ. ಸಂಗನಬಸಪ್ಪ ಕೈ ಮುಗಿದು, ಖಾಲಿ ಬಕೆಟ್ ಹಿಡಿದು ಮತ್ತೆ ಮೆಟ್ಟಿಲಿಳಿದ. ಹಿಂದೆ ಸಪ್ಪಳವಾಯಿತು. ಕಾಶಮ್ಮ ಚಪ್ಪಲಿ ಮೆಟ್ಟಿಕೊಂಡು ಬರುತ್ತಿದ್ದಳು.

“ತಡೀರಿ, ನಾನೂ ಬರ್ತೀನಿ. ಆಕಿ ಬ್ಯಾರೇದ್ದ ಕೊಟ್ಟಾಳು. ನಿಮಗ ಗುರ್ತು ಹತ್ತೂದಿಲ್ಲ.”

ಸಂಗನಬಸಪ್ಪ ಅವಳ ಮುಖ ನೋಡಿದ. ಅವಳು ಬೀದಿ ನೋಡುತ್ತಿದ್ದಳು.

ಇಬ್ಬರನ್ನೂ ಒಟ್ಟಿಗೆ ಕಂಡು ಉಮ್ಮೆ ಕುಲ್ಸುಂ ಸ್ಟೂಲಿನಿಂದ ಎದ್ದು ನಿಂತಳು. ವಿಷಯ ಕೇಳಿ ತಲೆಯ ಮೇಲೆ ಕೈ ಹೊತ್ತಳು.

“ಅರೆ ಅಲ್ಲಾ! ಅರ್ಧ ಗಂಟೆ ಆಯ್ತು ಸಾಬ್, ಹೋಯ್ತು! ಇಂದಿರಾನಗರದವರು ಒಬ್ರು ಬಂದಿದ್ರು. ಅಂಗಡೀಲಿ ದುಡ್ಡು ಕೊಟ್ಟು ತಂದ್ರೇನೇ ಒಳ್ಳೇದು ಅಂತ ವಾಸ್ತುದವರು ಹೇಳಿದಾರಂತೆ. ದೊಡ್ಡದು ಇದೊಂದೇ ಇತ್ತು. ಚೌಕಾಸಿ ಸಹ ಮಾಡಲಿಲ್ಲ. ಹಂಪಣ್ಣ ಅಂತ ಬಿಲ್ ಬರೆಸ್ಕೊಂಡ್ರು.”

ಸಂಗನಬಸಪ್ಪ ತಲೆ ಚಚ್ಚಿಕೊಂಡ. “ಹಂಪಣ್ಣನ ಮನೀಗೆ ಹೋಗಿ ಕೇಳ್ತೀನಿ. ಕಾಲ್ ಹಿಡೀತೀನಿ.”

“ಬಿಡ್ರಿ,” ಎಂದಳು ಕಾಶಮ್ಮ ಮೆಲ್ಲಗೆ. “ಅದು ನಮ್ಮದಲ್ಲ. ನಿಮಗೂ ಗೊತ್ತೈತಿ.”

ಅವಳು ಅಂಗಡಿಯ ಮೂಲೆಗೆ ಹೋಗಿ ಒಂದು ಸಣ್ಣ ತೊಟ್ಟಿಯ ಮುಂದೆ ಬಗ್ಗಿದಳು. ಅದರಲ್ಲಿ ಬೆರಳಿನಷ್ಟೇ ಉದ್ದದ ಹತ್ತಿಪ್ಪತ್ತು ಆಸ್ಕರ್ ಮರಿಗಳಿದ್ದವು. ಒಂದು ಮಾತ್ರ ಗಾಜಿಗೆ ಮೂತಿ ಹಚ್ಚಿ ಬಾಯಿ ತೆರೆದು ಮುಚ್ಚುತ್ತಿತ್ತು.

“ಇಷ್ಟ ಇತ್ತು ನೋಡ್ರಿ,” ಎಂದಳು. “ನಮ್ಮ ಸಿದ್ದು ತಂದಾಗ.”

ಐದು ವರ್ಷದ ಮೇಲೆ ಆ ಹೆಸರು ಕಿವಿಗೆ ಬಿದ್ದಿತ್ತು. ಸಂಗನಬಸಪ್ಪ ಹೂಂ ಎಂದು ತಲೆಯಾಡಿಸಿ ಅವಳ ಪಕ್ಕದಲ್ಲಿ ಬಗ್ಗಿ ನಿಂತ. ಇಬ್ಬರೂ ಅಲ್ಲಿಯೇ, ಮೀನುಗಳ ಮುಂದೆ, ಸದ್ದಿಲ್ಲದೆ ಅತ್ತರು. ಉಮ್ಮೆ ಕುಲ್ಸುಂ ಆ ಕಡೆ ತಿರುಗಿ, ಒರೆಸಿದ್ದ ಗಾಜನ್ನೇ ಮತ್ತೆ ಒರೆಸಿದಳು. ಆಮೇಲೆ ಆ ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟು, “ಚೆನ್ನಾಗಿ ನೋಡ್ಕೊಂಡ್ರೆ ಹನ್ನೆರಡು ವರ್ಷ ಇರುತ್ತೆ,” ಎಂದಳು. ಹನ್ನೆರಡು ವರ್ಷದ ಫಿಲ್ಟರು, ಹೀಟರು, ಹೆಲ್ಮೆಟ್ಟು ಎಲ್ಲ ಸಂಗನಬಸಪ್ಪನ ಕಣ್ಣ ಮುಂದೆ ಸಾಲಾಗಿ ಹೋದವು.

ಕಾಕ್ಸ್‌ಟೌನಿಗೆ ಬರುವಾಗ ದೀಪ ಹಚ್ಚುವ ಹೊತ್ತು. ಗೇಟಿನಲ್ಲಿ ಬೀದಿಯೆಲ್ಲ ಕಾದು ನಿಂತಿತ್ತು. ರಾಮಾಂಜಿನಪ್ಪ ಭಕ್ತಿಯಿಂದ ಮುಂದೆ ಬಂದು ಬಕೆಟ್ಟಿನೊಳಗೆ ನೋಡಿದ. ಅದು ಖಾಲಿ. ಕಾಶಮ್ಮನ ಕೈಯಲ್ಲಿದ್ದ ಚೀಲ ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

“ಇದೇನ್ ಸಾಮಿ ಇದು? ಬೆಳಗ್ಗೆ ಇಷ್ಟುದ್ದ ಇತ್ತಲ್ಲ!” ಎಂದು ಮೊಣಕೈವರೆಗೆ ತೋರಿಸಿದ.

ಕಾಶಮ್ಮ ಸೆರಗು ಸರಿಮಾಡಿಕೊಂಡು, ಕದಲದ ದನಿಯಲ್ಲಿ ಹೇಳಿದಳು:

“ನಮ್ಮನ್ನ ಬಿಟ್ಟು ಇದ್ದದ್ದಕ್ಕ ಚಿಂತ್ಯಾಗ ಸೊರಗೈತ್ರೀ.”

ಎಲ್ಲರೂ ಸಂಗನಬಸಪ್ಪನ ಕಡೆ ತಿರುಗಿದರು.

“ಹೌದ್ರೀ,” ಎಂದ ಅವನು. “ಭಾಳ ಸೊರಗೈತಿ.” ಅಷ್ಟು ಹೇಳುವಷ್ಟರಲ್ಲಿ ಅವನ ಕಣ್ಣಿಂದ ನೀರು ಇಳಿಯಿತು. ಅದನ್ನು ಕಂಡು ರಾಮಾಂಜಿನಪ್ಪ ನಂಬಿದ, ಮಾರಕ್ಕ ನಂಬಿದಳು, ಬೀದಿಯವರೆಲ್ಲ ನಂಬಿದರು.